ಸಹಾಯ ಬೇಕು: ಹೊಯ್ಗೆ ನೆಲದಲ್ಲಿ ತೆಂಗಿನ ಸಸಿ ಹಳದಿಯಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕುಂದಾಪುರದ ಉತ್ತರಕ್ಕೆ, ಕಡಲಿನಿಂದ ಕೂಗಳತೆಯಲ್ಲಿರುವ ಹಿತ್ತಲು. ಮಣ್ಣು ಎನ್ನಲು ಸಂಕೋಚ, ಬರೀ ಹೊಯ್ಗೆ. ಮುಷ್ಟಿಯಲ್ಲಿ ಬಿಗಿದರೂ ಉಂಡೆಯಾಗದೆ ಬೆರಳ ಸಂದಿಯಿಂದ ಜಾರುತ್ತದೆ. ಒಂದು ಕೊಡ ನೀರು ಹೊಯ್ದರೆ ತಿರುಗಿ ನೋಡುವಷ್ಟರಲ್ಲಿ ಮಾಯ.

ಮೂರು ವರ್ಷದ ಎಂಟು ತೆಂಗಿನ ಸಸಿಗಳಿವೆ. ಮೇ ಕೊನೆಯಲ್ಲಿ ಯೂರಿಯಾ, ಪೊಟ್ಯಾಷ್ ಎಲ್ಲವನ್ನೂ ಒಂದೇ ಸಲ ಸುರಿದದ್ದು ನನ್ನ ಪೆದ್ದುತನ. ಮರಳಿನಲ್ಲಿ ಜೇಡಿಯೂ ಕಡಿಮೆ, ಸಾವಯವ ಅಂಶವೂ ಕಡಿಮೆ. ಗೊಬ್ಬರವನ್ನು ಹಿಡಿದಿಡುವವರು ಯಾರು? ಜೂನ್ ಮಳೆಗೆ ಬೇರಿಗೆ ಸಿಗದಂತೆ ಕೆಳಗಿಳಿದು ಹೋಗಿರಬೇಕು. ಈಗ ಹಳೆಯ ಗರಿಗಳು ತುದಿಯಿಂದ ಹಳದಿಯಾಗುತ್ತಿವೆ, ಕಡ್ಡಿಯ ಪಕ್ಕದಲ್ಲಿ ಮಾತ್ರ ಹಸಿರು ಗೆರೆ. ಎರಡು ಸಸಿಗಳಲ್ಲಿ ಸುಳಿಯ ಎಲೆಗಳು ಒಂದಕ್ಕೊಂದು ಅಂಟಿಕೊಂಡು ಬಿಚ್ಚಿಕೊಳ್ಳುತ್ತಲೇ ಇಲ್ಲ. ಮೊದಲನೆಯದು ಮೆಗ್ನೀಸಿಯಂ, ಎರಡನೆಯದು ಬೋರಾನ್ ಕೊರತೆ ಎಂದು ನನ್ನ ಅನುಮಾನ.

ಬೋರಾನ್ ಒದಗಿಸುವ ಲವಣ ಬೋರಾಕ್ಸ್ ಅನ್ನು ಈ ವಯಸ್ಸಿನ ಸಸಿಗೆ ಎಷ್ಟು ಗ್ರಾಂ ಕೊಡಬೇಕು? ಹೆಚ್ಚಾದರೆ ಅದೇ ವಿಷವಾಗುತ್ತದೆ ಎಂಬ ಭಯವಿದೆ. ಗೊಬ್ಬರವನ್ನು ವರ್ಷಕ್ಕೆ ಎಷ್ಟು ಕಂತುಗಳಲ್ಲಿ ಹಾಕುತ್ತೀರಿ? ಬುಡದ ಸುತ್ತ ತೆಂಗಿನ ಸಿಪ್ಪೆ ಹೂಳಿದವರಿದ್ದರೆ, ಎಷ್ಟು ದೂರ, ಎಷ್ಟು ಆಳ? ಕೆಮ್ಮಣ್ಣು ಹೊಡೆಸು ಎಂದು ನೆರೆಮನೆಯವರ ಸಲಹೆ. ಲೋಡಿನ ಬೆಲೆ ಕೇಳಿ ಸುಮ್ಮನಾಗಿದ್ದೇನೆ. ಕರಾವಳಿಯ ಹೊಯ್ಗೆಯಲ್ಲೇ ತೆಂಗು ಬೆಳೆಸಿದವರು ದಯವಿಟ್ಟು ತಿಳಿಸಿ.