ಸಣ್ಣ ಕಚೇರಿಯಲ್ಲಿ ಸಿಬ್ಬಂದಿಯ ಇಂಟರ್ನೆಟ್ ಬಳಕೆಯ ಮೇಲೆ ನಿಗಾ ಇಡುವುದು ಹೇಗೆ, ಎಷ್ಟು?

ಪ್ರಶ್ನೆ: ಲೆಕ್ಕಿಗ, ಹುಬ್ಬಳ್ಳಿ

ನಮ್ಮದು ಸಣ್ಣ ಲೆಕ್ಕಪರಿಶೋಧನಾ ಕಚೇರಿ. ಆರ್ಟಿಕಲ್‌ಶಿಪ್ (ಸಿಎ ಆಗಲು ಬೇಕಾದ ಕಚೇರಿ ತರಬೇತಿ) ಮಾಡುತ್ತಿರುವ ವಿದ್ಯಾರ್ಥಿಗಳೂ ಸೇರಿ ಒಂಬತ್ತು ಮಂದಿ ಒಂದೇ ಫೈಬರ್ ಸಂಪರ್ಕವನ್ನು ಬಳಸುತ್ತೇವೆ. ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ ಜಿಎಸ್‌ಟಿಆರ್-3ಬಿ (ತೆರಿಗೆಯ ಸಾರಾಂಶ) ಎಂಬ ಜಿಎಸ್‌ಟಿ ರಿಟರ್ನ್‌ಗಳನ್ನು ಸಲ್ಲಿಸುವ ಗಡುವು ಬರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಸಂಪರ್ಕ ತೆವಳತೊಡಗಿ, ಪೋರ್ಟಲ್‌ನಲ್ಲಿ ಒಟಿಪಿ ನಮೂದಿಸುವಷ್ಟರಲ್ಲಿ ಅದರ ಅವಧಿಯೇ ಮುಗಿದಿರುತ್ತದೆ. ಯಾರೋ ವಿಡಿಯೊ ನೋಡುತ್ತಿದ್ದಾರೆಂಬ ಗುಮಾನಿಯಿದೆ, ಪುರಾವೆಯಿಲ್ಲ. ಐದೈದು ನಿಮಿಷಕ್ಕೊಮ್ಮೆ ಪ್ರತಿ ಕಂಪ್ಯೂಟರಿನ ಸ್ಕ್ರೀನ್‌ಶಾಟ್ ತೆಗೆದು ಮಾಲೀಕರಿಗೆ ಕಳುಹಿಸುವ ತಂತ್ರಾಂಶವೊಂದನ್ನು ಮಾರಾಟಗಾರರು ತೋರಿಸಿ ಹೋಗಿದ್ದಾರೆ. ಸಿಬ್ಬಂದಿಗೆ ತಿಳಿಸದೆ ಅದನ್ನು ಅಳವಡಿಸಬಹುದೇ?

ಉತ್ತರ: ನೆಟ್‌ವರ್ಕ್ ನಿರ್ವಾಹಕ, ದಾವಣಗೆರೆ

ತಂತ್ರಾಂಶದ ಮಾತು ಆಮೇಲಿರಲಿ. ಮೊದಲು ರೂಟರಿನ ಆಡಳಿತ ಪುಟವನ್ನು ತೆರೆದು, ಯಾವ ಸಾಧನ ಎಷ್ಟು ಡೇಟಾ ಎಳೆಯುತ್ತಿದೆ ಎಂಬುದನ್ನು ಒಂದು ವಾರ ಗಮನಿಸಿರಿ. ಇಂಥ ಕಚೇರಿಗಳಲ್ಲಿ ವೈಫೈ ಪಾಸ್‌ವರ್ಡ್ ಎಲ್ಲರ ಮೊಬೈಲಿಗೂ ಹೋಗಿರುತ್ತದೆ. ಮೇಜಿನ ಮೇಲೆ ಚಾರ್ಜಿಗೆ ಹಾಕಿಟ್ಟ ಫೋನು ಹಿಂದಿನ ದಿನದ ಮದುವೆಯ ವಿಡಿಯೊಗಳನ್ನೆಲ್ಲ ಗೂಗಲ್ ಫೋಟೋಸ್‌ಗೆ ಏರಿಸುತ್ತಿರುವುದು ಅದರ ಒಡೆಯನಿಗೇ ಗೊತ್ತಿರುವುದಿಲ್ಲ. ಅಪ್‌ಲೋಡ್ ಹೀಗೆ ತುಂಬಿಕೊಂಡರೆ ಸಾಮಾನ್ಯ ಪುಟ ತೆರೆಯುವುದೂ ತಡವಾಗುತ್ತದೆ. ಕ್ಲೌಡಿಗೆ ದೃಶ್ಯ ಕಳುಹಿಸುವ ಸಿಸಿಟಿವಿ ಕ್ಯಾಮೆರಾ, ಕೆಲಸದ ಹೊತ್ತಿನಲ್ಲೇ ಇಳಿಯುವ ವಿಂಡೋಸ್ ಅಪ್‌ಡೇಟ್ ಇವೆರಡನ್ನೂ ಪರಿಶೀಲಿಸಿರಿ. ಮೊಬೈಲುಗಳನ್ನು ಪ್ರತ್ಯೇಕ ಗೆಸ್ಟ್ ವೈಫೈಗೆ ಸರಿಸಿ ವೇಗಮಿತಿ ಹಾಕಿದರೆ ಸಮಸ್ಯೆಯ ಬಹುಪಾಲು ಅಲ್ಲಿಗೇ ತೀರಬಹುದು.

ನಿಗಾ ಬೇಕೇಬೇಕೆಂದರೆ ಡಿಎನ್‌ಎಸ್ ಲಾಗ್, ಅಂದರೆ ಯಾವ ಸಾಧನ ಯಾವ ತಾಣದ ವಿಳಾಸ ಕೇಳಿತು ಎಂಬ ದಾಖಲೆ, ಸಾಕು. ಅದರಲ್ಲಿ ಕಾಣುವುದು ತಾಣದ ಹೆಸರು ಮಾತ್ರ. ಯೂಟ್ಯೂಬ್ ತೆರೆದದ್ದು ತಿಳಿಯುತ್ತದೆಯೇ ಹೊರತು, ನೋಡಿದ್ದು ಹಾಡೋ ಜಿಎಸ್‌ಟಿ ಪಾಠವೋ ತಿಳಿಯುವುದಿಲ್ಲ. ಬ್ರೌಸರಿನಲ್ಲಿ ಸೆಕ್ಯೂರ್ ಡಿಎನ್‌ಎಸ್ (ಈ ವಿಳಾಸದ ಕೋರಿಕೆಯನ್ನು ಗೂಢಲಿಪಿಯಲ್ಲಿ ಕಳುಹಿಸುವ) ಸೌಲಭ್ಯವನ್ನು ಬೇರೆ ಸರ್ವರಿಗೆ ಹೊಂದಿಸಿದ್ದರೆ ಅಷ್ಟೂ ಕಾಣದು.

ಉತ್ತರ: ವಕೀಲೆ, ಬೆಂಗಳೂರು

ತಿಳಿಸದೆ ಅಳವಡಿಸಬೇಡಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಮೂಲಭೂತ ಹಕ್ಕುಗಳನ್ನು ಮುಖ್ಯವಾಗಿ ಪ್ರಭುತ್ವದ ವಿರುದ್ಧ ಎತ್ತಲಾಗುತ್ತದೆಂಬುದು ನಿಜವಾದರೂ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಖಾಸಗಿ ಮಾಲೀಕರಿಗೂ ಅನ್ವಯಿಸುವಂಥದ್ದು. ಉದ್ಯೋಗದ ಉದ್ದೇಶಕ್ಕೆ, ಮಾಲೀಕನನ್ನು ನಷ್ಟದಿಂದ ಕಾಪಾಡುವುದಕ್ಕೆ ಸಮ್ಮತಿಯಿಲ್ಲದೆ ದತ್ತಾಂಶ ಬಳಸಲು ಅದರ 7ನೇ ಕಲಮು ಎಡೆ ಕೊಡುತ್ತದೆ. ಆದರೆ ಸಿಬ್ಬಂದಿಯ ಖಾಸಗಿ ಇಮೇಲು, ಬ್ಯಾಂಕ್ ಖಾತೆಯ ಪುಟಗಳ ಚಿತ್ರ ಸಂಗ್ರಹಿಸುವುದನ್ನು ಆ ಉದ್ದೇಶದೊಳಗೆ ಸೇರಿಸಿ ಸಮರ್ಥಿಸುವುದು ಕಷ್ಟ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ನೌಕರನ ಸಂದೇಶಗಳ ಮೇಲೆ ಕಂಪನಿ ನಿಗಾ ಇಟ್ಟ ಬರ್ಬುಲೆಸ್ಕು ಪ್ರಕರಣದಲ್ಲಿ, ಅದೂ 2017ರಲ್ಲೇ, ನಿಗಾದ ಸ್ವರೂಪವನ್ನೂ ವ್ಯಾಪ್ತಿಯನ್ನೂ ನೌಕರನಿಗೆ ಮುಂಚಿತವಾಗಿ ತಿಳಿಸಲಾಗಿತ್ತೇ ಎಂಬುದಕ್ಕೆ ಹೆಚ್ಚಿನ ತೂಕ ಕೊಟ್ಟಿತು. ಅದು ನಮ್ಮನ್ನು ಕಟ್ಟಿಹಾಕುವ ತೀರ್ಪಲ್ಲ. ಆದರೂ ಏನನ್ನು ದಾಖಲಿಸುತ್ತೀರಿ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ ಎಂಬುದನ್ನು ಒಂದು ಪುಟದಲ್ಲಿ ಬರೆದು ಎಲ್ಲರ ಸಹಿ ಪಡೆಯುವುದು ಒಳ್ಳೆಯದು.

ಉತ್ತರ: ಸಿಎ, ಮೈಸೂರು

ನಿಮ್ಮ ಸಿಬ್ಬಂದಿಗಿಂತ ನಿಮ್ಮ ಕಕ್ಷಿದಾರರ ಬಗ್ಗೆ ನನಗೆ ಹೆಚ್ಚಿನ ಚಿಂತೆ. ಸ್ಕ್ರೀನ್‌ಶಾಟ್‌ಗಳಲ್ಲಿ ಬರುವುದು ಅವರ ಪ್ಯಾನ್, ಬ್ಯಾಂಕ್ ವಿವರ, ಟ್ಯಾಲಿ ಲೆಕ್ಕಪತ್ರ ತಂತ್ರಾಂಶದ ಪುಟಗಳೇ ಅಲ್ಲವೇ? ಅವು ಮಾರಾಟಗಾರರ ಸರ್ವರಿಗೆ ಹೋದರೆ ಹೊಣೆ ಯಾರದು? ಕಕ್ಷಿದಾರರ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಹೊರಗೆಡಹುವುದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಎರಡನೇ ಅನುಸೂಚಿಯ ಪ್ರಕಾರ ವೃತ್ತಿ ದುರ್ನಡತೆ. ಇನ್ನು ಗಡುವಿನ ದಿನದ ನಿಧಾನಕ್ಕೆ ಜಿಎಸ್‌ಟಿ ಪೋರ್ಟಲ್ಲೇ ಕಾರಣವಾಗಿರಬಹುದು. 2025ರ ಜನವರಿಯಲ್ಲಿ ಪೋರ್ಟಲ್ ಕೈಕೊಟ್ಟು, ಜಿಎಸ್‌ಟಿಆರ್-1ರ ಗಡುವನ್ನು 13ಕ್ಕೆ ಮುಂದೂಡಬೇಕಾಗಿ ಬಂದದ್ದು ತಮಗೂ ನೆನಪಿರಬೇಕು. ಆಗ ಯಾರ ವಿಡಿಯೊವನ್ನು ದೂರುವುದು?

ಲೆಕ್ಕಿಗ, ಹುಬ್ಬಳ್ಳಿ

ಎಲ್ಲರಿಗೂ ಧನ್ಯವಾದಗಳು. ರೂಟರಿನಿಂದಲೇ ಆರಂಭಿಸುತ್ತೇನೆ. ವಿದ್ಯಾರ್ಥಿಗಳಲ್ಲಿ ಇಬ್ಬರು ಸ್ವಂತ ಲ್ಯಾಪ್‌ಟಾಪ್ ತರುತ್ತಾರೆ. ಅವರ ವಿಷಯದಲ್ಲಿ ಏನು ಮಾಡಲಿ?

ನೆಟ್‌ವರ್ಕ್ ನಿರ್ವಾಹಕ, ದಾವಣಗೆರೆ

ಅವರ ಯಂತ್ರದಲ್ಲಿ ಏನನ್ನೂ ಅಳವಡಿಸಬೇಡಿ. ಡಿಎನ್‌ಎಸ್ ಲಾಗ್ ರೂಟರಿನಲ್ಲೇ ಇರುವುದರಿಂದ, ಆ ಲ್ಯಾಪ್‌ಟಾಪ್‌ಗಳು ಕಚೇರಿಯ ಸಂಪರ್ಕದಲ್ಲಿರುವಷ್ಟು ಹೊತ್ತು ಉಳಿದವರಿಗಿರುವ ನಿಯಮವೇ ಅವರಿಗೂ ಸಾಕು. ಸಾಧ್ಯವಾದರೆ ಕಕ್ಷಿದಾರರ ಕಡತಗಳ ಕೆಲಸವನ್ನು ಕಚೇರಿಯ ಕಂಪ್ಯೂಟರಿನಲ್ಲೇ ಮಾಡಿಸಿ.