ತಾಯಿ ಕಾರ್ಡ್ ಒಂದೂರಲ್ಲಿ, ಬಸುರಿ ಇನ್ನೊಂದೂರಲ್ಲಿ

(ಇವತ್ತು ಉತ್ತರಿಸುವವರು: ವಿಜಯಪುರ ಜಿಲ್ಲೆಯ ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ)

ಪ್ರಶ್ನೆ, ಇಂಡಿ ಕಡೆಯಿಂದ: ಮೇಡಂ, ನನ್ನ ತಂಗಿಗೆ 19 ವರ್ಷ, ಚೊಚ್ಚಲು, ಈಗ ಏಳು ತಿಂಗಳು. ದೀಪಾವಳಿ ಮುಗಿದ ಕೂಡಲೇ ಗಂಡ ಗ್ಯಾಂಗ್ ಜೊತೆ ಕಬ್ಬು ಕಡಿಯಲು ಹೋದ. ಅವಳನ್ನು ತವರಿಗೆ ಕರೆದುಕೊಂಡು ಬಂದಿದ್ದೇವೆ. ಬಸುರಿ ತಪಾಸಣೆ ಬರೆಯುವ ತಾಯಿ ಕಾರ್ಡ್ ಗಂಡನ ಊರಿನದು, ಸಿಂದಗಿ ತಾಲ್ಲೂಕು. ಇಲ್ಲಿ 'ನಮ್ಮ ಪಟ್ಟಿಯಲ್ಲಿ ಹೆಸರಿಲ್ಲ' ಅಂತಾರೆ. ಹಿಮೋಗ್ಲೋಬಿನ್ 7.4. ಯಾರ ಹತ್ತಿರ ಹೋಗಬೇಕು?

ಉತ್ತರ: ಪಟ್ಟಿ ಆಮೇಲೆ, ಮೊದಲು ರಕ್ತ. ಬಸುರಿಗೆ 11 ಇರಬೇಕು. 7ಕ್ಕಿಂತ ಇಳಿದರೆ ತೀವ್ರ ರಕ್ತಹೀನತೆ. ನಿಮ್ಮ ತಂಗಿ ಹೊಸ್ತಿಲಲ್ಲೇ ನಿಂತಿದ್ದಾಳೆ. ಪ್ರತಿ ತಿಂಗಳ 9ಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಡಾಕ್ಟರ್ ತಪಾಸಣೆ ಇರುತ್ತದೆ. ಆದರೆ ಅಲ್ಲಿವರೆಗೆ ಕಾಯಬೇಡಿ, ನಾಳೆಯೇ ಹೋಗಿ. ಏಳನೇ ತಿಂಗಳಲ್ಲಿ ಬರೀ ಮಾತ್ರೆ ಸಾಲದೆ ಡ್ರಿಪ್‌ನಲ್ಲಿ ಕಬ್ಬಿಣಾಂಶ ಕೊಡಬೇಕಾಗಬಹುದು. ಹೆದರಬೇಡಿ. ಮಾತ್ರೆ ಕೊಟ್ಟರೆ ಚಹಾ ಜೊತೆ ನುಂಗಬಾರದು. ರಕ್ತ ಸಿಗುವ ದೊಡ್ಡಾಸ್ಪತ್ರೆಯಲ್ಲೇ ಹೆರಿಗೆ ಅಂತ ಈಗಲೇ ಮಾತಾಡಿಟ್ಟುಕೊಳ್ಳಿ.

ಇನ್ನು ಪಟ್ಟಿ. ಕಾರ್ಡಿನಲ್ಲಿ 12 ಅಂಕಿಯ ಆರ್‌ಸಿಎಚ್ ನಂಬರ್, ಅಂದರೆ ತಾಯಿ-ಮಕ್ಕಳ ಆರೋಗ್ಯದ ನೋಂದಣಿ ನಂಬರ್ ಇದೆ, ನೋಡಿ. ಅದಿದ್ದರೆ ಇಲ್ಲಿನ ಸಿಸ್ಟರ್ ತಪಾಸಣೆ ಮುಂದುವರಿಸಬಹುದು. ಅಂಗನವಾಡಿಯವರ ಮೊಬೈಲ್ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲೂ ಹೆಸರು ವರ್ಗಾಯಿಸಲು ಅವಕಾಶ ಇದೆ. ಅಂಗನವಾಡಿಯಲ್ಲಿ ಬಸುರಿಯರಿಗೆ ಕೊಡುವ ಮಾತೃಪೂರ್ಣ ಊಟ ಅವಳ ಹಕ್ಕು, ಸಂಕೋಚ ಬೇಡ. ಕೇಂದ್ರದ ಮಾತೃವಂದನಾ ಯೋಜನೆಯ 5,000 ರೂಪಾಯಿಗೂ ಅರ್ಜಿ ಹಾಕಿಸಿ. ಅದು ಗಂಡನ ಖಾತೆಗಲ್ಲ, ಅವಳ ಖಾತೆಗೇ ಬರುತ್ತದೆ.

ಒಮ್ಮೆ ಜಮಖಂಡಿ ಹತ್ತಿರ ಗ್ಯಾಂಗಿನ ಗುಡಿಸಲಲ್ಲಿ ಒಂದು ಕಾರ್ಡ್ ನೋಡಿದ್ದೆ. ಹಾಲಿನ ಪಾಕೀಟಿನಲ್ಲಿ ಸುತ್ತಿ ಗುಡಿಸಲ ಗಳಕ್ಕೆ ಕಟ್ಟಿದ್ದರು. ಅಷ್ಟು ಜೋಪಾನ! ಒಳಗೆ ಮೂರು ತಿಂಗಳ ಬಿಪಿ, ತೂಕದ ಮನೆ ಖಾಲಿ. ಕಡಿಯಲು ಬಂದ ಮೇಲೆ ಯಾರೂ ನೋಡಿರಲಿಲ್ಲ.

ಪ್ರಶ್ನೆ, ಮುಧೋಳ ಕಡೆಯಿಂದ: ನಮ್ಮ ಹೊಲದ ಬದಿಗೇ ಒಂದು ಗ್ಯಾಂಗ್ ಇದೆ. ಹತ್ತು ದಿನದ ಕೂಸು, ತುಂಬಾ ಸಣ್ಣದು. ಇವರು ನಮ್ಮ ಆಶಾಗೆ ಸೇರ್ತಾರಾ?

ಉತ್ತರ: ಸೇರ್ತಾರೆ. ಕೂಸು ಎಲ್ಲಿದೆಯೋ ಅಲ್ಲಿನ ಆಶಾ ನೋಡಬೇಕು. ಆಸ್ಪತ್ರೆ ಹೆರಿಗೆಯಾದರೆ 3, 7, 14, 21, 28, 42ನೇ ದಿನ ಮನೆಗೆ ಬರಬೇಕು. ಎರಡು ಭೇಟಿ ಆಗಲೇ ತಪ್ಪಿದೆ, ಇವತ್ತೇ ಫೋನ್ ಮಾಡಿ. ಹುಟ್ಟಿದಾಗ ಎರಡೂವರೆ ಕೇಜಿಗಿಂತ ಕಡಿಮೆ ಇತ್ತಾ ಕೇಳಿ. ಆಶಾ ಬರುವವರೆಗೆ ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಒರಗಿಸಿ, ಮೇಲೆ ಹೊದಿಸಿ. ಗುಡಿಸಲಲ್ಲಿ ಚಳಿ ಜಾಸ್ತಿ. ಅಂಗಾಲು ತಣ್ಣಗಿದ್ದರೆ, ಮೊಲೆ ಚೀಪದಿದ್ದರೆ ಸುಮ್ನೆ ಕೂರಬೇಡಿ, 108ಕ್ಕೆ ಕರೆ ಮಾಡಿ.

ಪ್ರಶ್ನೆ: ನಾನು ಗ್ರಾಮ ಪಂಚಾಯತಿ ಸದಸ್ಯೆ. ಆರೋಗ್ಯ ಸಮಿತಿ ಸಭೆಗೆ ಎಲ್ಲರೂ ಬರ್ತಾರೆ, ಚಹಾ ಕುಡಿದು ಸಹಿ ಹಾಕಿ ಹೋಗ್ತಾರೆ. ಏನು ಮಾಡೋಣ?

ಉತ್ತರ: ಚಹಾ ಕೊನೆಗೆ ಕೊಡಿ! ಆಶಾ ಡೈರಿ, ಅಂಗನವಾಡಿ ರಿಜಿಸ್ಟರ್, ನಿಮ್ಮ ಉದ್ಯೋಗ ಖಾತರಿ ಪಟ್ಟಿ, ಮೂರನ್ನೂ ಒಂದೇ ಮೇಜಿನ ಮೇಲೆ ಇಡಿಸಿ. ಒಂದೊಂದೇ ಹೆಸರು ಜೋರಾಗಿ ಓದಿಸಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಹೆಣ್ಣುಮಕ್ಕಳು ಸಿಗ್ತಾರೆ. ನಾನು ಹೀಗೆ ಮಾಡಿಸಿದ ಒಂದೂರಲ್ಲಿ ಬಿಟ್ಟುಹೋಗಿದ್ದ ನಾಲ್ಕು ಹೆಸರೂ ತಾಂಡಾದವೇ. ಆಶಾ ಬಾಯಿಗೆ ಕೈ ಇಟ್ಟುಕೊಂಡು ಕೂತರು. ಅವರ ತಪ್ಪೂ ಅಲ್ಲ ಬಿಡಿ, ತಾಂಡಾ ಇಬ್ಬರು ಆಶಾಗಳ ಗಡಿಯಲ್ಲಿತ್ತು. ಇವರು ಅವರದ್ದು ಅಂದುಕೊಂಡಿದ್ದರು, ಅವರು ಇವರದ್ದು ಅಂತ.

ಇನ್ನೊಂದು ಕೆಲಸ ನಿಮ್ಮಿಂದ ಮಾತ್ರ ಆಗುತ್ತೆ. ದಸರಾಕ್ಕೂ ಮೊದಲೇ ನಿಮ್ಮೂರಿಂದ ಕಬ್ಬು ಕಡಿಯಲು ಹೋಗುವ ಗ್ಯಾಂಗಿನ ಮುಕಾದಮನನ್ನು, ಅಂದರೆ ಮೇಸ್ತ್ರಿಯನ್ನು, ಕರೆಸಿ ಯಾರು ಬಸುರಿ, ಯಾವ ಸಕ್ಕರೆ ಫ್ಯಾಕ್ಟರಿಗೆ ಹೋಗ್ತಾರೆ ಅಂತ ಬರೆದುಕೊಳ್ಳಿ. ಅವನು ಆಶಾ ಮಾತಿಗೆ ಬಗ್ಗಲ್ಲ, ಪಂಚಾಯತಿ ಕರೆದರೆ ಬರ್ತಾನೆ. ಆ ಹೆಸರುಗಳನ್ನು ಹೋಗುವ ಕಡೆಯ ಆರೋಗ್ಯ ಕೇಂದ್ರಕ್ಕೆ ಫೋನಲ್ಲಿ ಹೇಳಿ. ಬಸುರಿಗೆ 18 ತುಂಬಿಲ್ಲ ಅನ್ನಿಸಿದರೆ ಬಚ್ಚಿಡಬೇಡಿ, ಮಕ್ಕಳ ಸಹಾಯವಾಣಿ 1098 ಇದೆ. ಅವಳ ತಪಾಸಣೆಯನ್ನಂತೂ ನಿಲ್ಲಿಸಬೇಡಿ.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ಹೋಗಿ ಬಂದೆವು. ಡ್ರಿಪ್ ಹಾಕಿದರು, ಇನ್ನೂ ಇದೆಯಂತೆ. ಹೆಸರು ಸೇರಿಸಿಕೊಂಡರು. ಆದರೆ ಅಂಗನವಾಡಿ ಊಟದ ಮೊಟ್ಟೆ ಇವಳು ಮುಟ್ಟಲ್ಲ.

ಉತ್ತರ: ಮೊಳಕೆ ಕಾಳು ಕೇಳಿ. ಮುಂದಿನ ಡ್ರಿಪ್ ತಾರೀಖು ಕಾರ್ಡಿನಲ್ಲಿ ಬರೆಸಿದ್ದೀರಿ ಅಲ್ವಾ?