ಪದಚರ್ಚೆ: ಪಾರ್ಸೆಲ್ ಪೆಟ್ಟಿಗೆ ಮೇಲೆ ‘ಒಡೆಯುತ್ತೆ’ ಅಂತ ಬರೀಬೇಕಾ, ‘ಮುರಿಯುತ್ತೆ’ ಅಂತಾನಾ?

ಎಲ್ರಿಗೂ ನಮಸ್ಕಾರ,

ಒಂದು ಪದದ ವಿಷಯಕ್ಕೆ ಕೆಲವು ತಿಂಗಳಿಂದ ತಲೆ ಕೆಡಿಸ್ಕೊಂಡಿದೀನಿ, ಬಲ್ಲವರು ಹೇಳ್ಬೇಕು. ನಾನು ಬಿಡುವಿದ್ದಾಗ ವಿಮಾನಗಳ ಸ್ಕೇಲ್ ಮಾಡೆಲ್ ಮಾಡ್ತೀನಿ. ಕಳೆದ ಮಳೆಗಾಲದಲ್ಲಿ ಎಚ್‌ಎಫ್-24 ಮರುತ್‌ನ ಒಂದು ಮಾಡೆಲ್ ಧಾರವಾಡದ ಒಬ್ರಿಗೆ ಕೊರಿಯರ್ ಮಾಡಿದ್ದೆ. ಮರುತ್ ಅಂದ್ರೆ ಕುರ್ಟ್ ಟ್ಯಾಂಕ್ ಅನ್ನೋ ಜರ್ಮನ್ ಎಂಜಿನಿಯರ್ ಬೆಂಗಳೂರಿಗೆ ಬಂದು ಎಚ್‌ಎಎಲ್‌ನವರ ಜೊತೆ ಸೇರಿ ರೂಪಿಸಿದ ಫೈಟರ್, 1961ರ ಜೂನ್ 17ಕ್ಕೆ ಬೆಂಗಳೂರಲ್ಲೇ ಮೊದಲ ಸಲ ಹಾರಿದ್ದು. ನಿಜವಾದ ವಿಮಾನ 16 ಮೀಟರಿಗೆ ಸ್ವಲ್ಪ ಕಮ್ಮಿ ಉದ್ದ, 1:48ಕ್ಕೆ ಇಳಿಸಿದ್ರೆ 33 ಸೆಂಟಿಮೀಟರ್ ಆಗುತ್ತೆ. ಮೂಗಿನ ತುದೀಲಿ ಗಾಳಿಯ ಒತ್ತಡದಿಂದ ವೇಗ ಅಳೆಯೋ ಪಿಟೋ ಕೊಳವೆ ಇರುತ್ತಲ್ಲ, ಅದನ್ನ ನಾನು ಪ್ಲಾಸ್ಟಿಕ್ ಕಡ್ಡೀನ ಮೇಣದ ಬತ್ತಿ ಮೇಲೆ ಹಿಡಿದು, ಮೆತ್ತಗಾದ ತಕ್ಷಣ ಎರಡೂ ಕಡೆ ಎಳೆದು ಕೂದಲಿನಷ್ಟು ಸಣ್ಣ ಮಾಡಿ ಅಂಟಿಸಿದ್ದೆ, ಅದೊಂದಕ್ಕೇ ಇಡೀ ಸಂಜೆ ಹಿಡಿದಿತ್ತು.

ಕೌಂಟರಲ್ಲಿ ಪೆಟ್ಟಿಗೆ ಮೇಲೆ ಒಂದು ಸ್ಟಿಕರ್ ಅಂಟಿಸಿದ್ರು. ಇಂಗ್ಲಿಷಿನ ‘ಫ್ರ್ಯಾಜೈಲ್’ ಕೆಳಗೆ ಕನ್ನಡದಲ್ಲಿ ‘ದುರ್ಬಲ’ ಅಂತಿತ್ತು. ನಂಗೆ ಆಗಲೇ ಏನೋ ಸರಿಹೋಗ್ಲಿಲ್ಲ, ಯಾಕಂದ್ರೆ ನಾವು ದುರ್ಬಲ ಅನ್ನೋದು ಮನುಷ್ಯರಿಗೆ, ದುರ್ಬಲ ವರ್ಗ, ದುರ್ಬಲ ಹೃದಯ ಅಂತ, ಪೆಟ್ಟಿಗೆ ಇಳಿಸೋ ಹುಡುಗನಿಗೆ ಅದನ್ನ ಓದಿ ಏನು ಮಾಡ್ಬೇಕು ಅಂತ ಹೊಳೀಬೇಕು? ನಾಲ್ಕು ದಿನ ಆದ್ಮೇಲೆ ಧಾರವಾಡದಿಂದ ಫೋನ್ ಬಂತು. ‘ಸರ, ಗಾಜು ಒಡದಿಲ್ರೀ, ಆದ್ರ ಮೂಗಿನ ಕಡ್ಡಿ ಮುರದೈತ್ರಿ’ ಅಂದ್ರು.

ಬೇಜಾರಾಯ್ತು ನಿಜ, ಆದ್ರೆ ಆ ಮಾತು ಮನಸ್ಸಲ್ಲಿ ಉಳೀತು. ಅವ್ರು ಯೋಚ್ನೆ ಮಾಡಿ ಹೇಳಿದ್ದಲ್ಲ, ಬಾಯಿಗೆ ತಾನಾಗಿ ಬಂದದ್ದು, ಗಾಜಿಗೆ ಒಡೆ, ಕಡ್ಡಿಗೆ ಮುರಿ. ಇಂಗ್ಲಿಷಲ್ಲಿ ಹೆಚ್ಚಿನದಕ್ಕೆ ‘ಬ್ರೇಕ್’ ಅನ್ನೋ ಒಂದೇ ಪದ ಸಾಕು, ನಮ್ಮಲ್ಲಿ ಮಡಕೆ ಒಡೆಯುತ್ತೆ, ಕಾಲು ಮುರಿಯುತ್ತೆ, ದಾರ ಹರಿಯುತ್ತೆ, ಬಿದಿರು ಸೀಳುತ್ತೆ, ಅಂಟಿಸಿದ್ದು ಕಿತ್ತುಬರುತ್ತೆ. ಗಟ್ಟಿ ಸಾಮಾನಿಗೆ ಒಡೆ, ಉದ್ದದ್ದಕ್ಕೆ ಮುರಿ ಅಂತ ಮೊದಲು ಅಂದ್ಕೊಂಡಿದ್ದೆ, ಆದ್ರೆ ಹಪ್ಪಳ ಅಗಲವಾಗಿದ್ರೂ ಮುರೀತೀವಿ, ಖಡಕ್ ರೊಟ್ಟೀನೂ ಮುರೀತೀವಿ, ಬಿಸ್ಕೆಟ್ಟೂ ಅಷ್ಟೆ. ತೆಂಗಿನಕಾಯಿ, ಮೊಟ್ಟೆ, ಇಟ್ಟಿಗೆ ಮಾತ್ರ ಒಡೀತೀವಿ. ಹಾಗಾಗಿ ನಂಗನ್ಸೋದು, ಪೆಟ್ಟು ಬಿದ್ದು ಹೋಗೋದಕ್ಕೆ ಒಡೆ, ಬಾಗಿಸಿದಾಗ ತಾಳದೆ ಹೋಗೋದಕ್ಕೆ ಮುರಿ. (ಹಾಲು ಒಡೆಯೋದು, ಮನೆ ಒಡೆಯೋದು, ನೋಟು ಮುರಿಸೋದು ಇವೆಲ್ಲ ಆಮೇಲೆ ಬೆಳೆದ ಅರ್ಥ ಇರ್ಬೇಕು, ಅದನ್ನ ಪಕ್ಕಕ್ಕಿಡ್ತೀನಿ.)

ಇದು ಬರೀ ವ್ಯಾಕರಣ ಅಲ್ಲ, ನನ್ನ ಮಾಡೆಲ್ಲಿಗೆ ಆದದ್ದೂ ಇದೇ. ನಾನು ಸುತ್ತ ನ್ಯೂಸ್‌ಪೇಪರ್ ಮುದ್ದೆ ಮಾಡಿ ಗಿಡಿದಿದ್ದೆ, ಲಾರೀಲಿ ಕುಲುಕಿ ಕುಲುಕಿ ಪೇಪರ್ ಕೆಳಗೆ ಕೂತ್ಕೊಂಡು ಮೇಲೆ ನಾಲ್ಕು ಬೆರಳು ಜಾಗ ಆಗಿದೆ. ತಿಪಟೂರು ಕಡೆಯವರಿಗೆ ಹೇಳೋದಾದ್ರೆ ಒಣಗಿದ ಕಾಯೊಳಗೆ ಗಿಟುಕು ಆಡೋ ಹಾಗೆ ಮಾಡೆಲ್ ಆಡಿದೆ, ಮೂಗು ಪೆಟ್ಟಿಗೆಯ ಗೋಡೆಗೆ ಒತ್ತಿ, ಬಾಗಿ, ಮುರಿದಿದೆ. ಪೆಟ್ಟಿಗೆಯ ಹೊರಗೆ ಒಂದು ತಗ್ಗೂ ಇರ್ಲಿಲ್ಲ. ಪೆಟ್ಟಿಗೆ ಮೇಲೆ ಇರೋ ಗಾಜಿನ ಲೋಟದ ಚಿತ್ರ ಇದೆಯಲ್ಲ, ಐಎಸ್ಒ 780 ಅನ್ನೋ ಸ್ಟ್ಯಾಂಡರ್ಡ್‌ನದ್ದು, ಜೊತೆಗೆ ಮೇಲ್ಮುಖದ ಎರಡು ಬಾಣ, ಛತ್ರಿ ಎಲ್ಲ ಇರುತ್ತೆ, ಆ ಲೋಟ ಹೇಳೋದು ‘ಒಡೆಯುತ್ತೆ’ ಅಂತ ಮಾತ್ರ. ಲೋಡ್ ಮಾಡೋರೂ ಅದನ್ನ ನೋಡಿ ‘ಗ್ಲಾಸ್ ಐಟಂ’ ಅಂತಾರೆ. ಆದ್ರೆ ಮಾಡೆಲ್ಲಿನ ಕಷ್ಟ ಮುರಿಯೋದು.

ಈಗ ನಾನು ಪ್ಯಾಕ್ ಮಾಡೋ ರೀತಿ ಬದಲಾಯಿಸಿದೀನಿ. ವಿಮಾನದ ಹೊಟ್ಟೆ ಭಾಗ ಗಟ್ಟಿ ಇರುತ್ತೆ, ಅಲ್ಲಿಗೆ ಮಾತ್ರ ಫೋಮಿನ ಒತ್ತು ಕೊಟ್ಟು ಹತ್ತಿ ಪಟ್ಟಿಯಿಂದ ಒಂದು ಹಲಗೆಗೆ ಕಟ್ತೀನಿ, ಮೂಗು ಬಾಲ ರೆಕ್ಕೆ ತುದಿ ಏನಕ್ಕೂ ತಾಗದೆ ಗಾಳೀಲಿರ್ಬೇಕು. ಕಳಚೋ ಹಾಗಿರೋ ಸಣ್ಣ ಭಾಗಗಳನ್ನ ಬೇರೆ ಡಬ್ಬೀಲಿ ಹಾಕ್ತೀನಿ. ಬಬಲ್ ರ‍್ಯಾಪ್ ನೇರವಾಗಿ ಬಣ್ಣಕ್ಕೆ ಸುತ್ತಬಾರ್ದು, ಗುಳ್ಳೆಗಳ ಗುರುತು ಬಣ್ಣದ ಮೇಲೆ ಅಚ್ಚೊತ್ತಿ ಹೋಗಿಬಿಡುತ್ತೆ. ಆಮೇಲೆ ಆ ಪೆಟ್ಟಿಗೇನ ಇನ್ನೊಂದು ದೊಡ್ಡ ಪೆಟ್ಟಿಗೇಲಿಟ್ಟು ಸುತ್ತ ಎರಡಿಂಚು ಮೆತ್ತೆ. ಕುಲುಕಿದ್ರೆ ಸದ್ದು ಬರ್ಬಾರ್ದು. ಆ ಹೊಟ್ಟೆ ಕೆಳಗಿನ ಫೋಮಿಗೆ ನಾನು ‘ಸಿಂಬೆ’ ಅಂತೀನಿ. ಗುಂಡು ತಳದ ಬಿಂದಿಗೆ ಉರುಳದ ಹಾಗೆ ಅಜ್ಜಿ ಹಳೇ ಸೀರೆ ಸುತ್ತಿ ಇಡ್ತಿದ್ಳು, ಕೆಲಸ ಅದೇ ಅಲ್ವಾ? ಈ ಬಳಕೆ ನಿಮಗೆ ಒಪ್ಪುತ್ತಾ?

ಇನ್ನು ಪೆಟ್ಟಿಗೆ ಮೇಲಿನ ಪದ. ‘ನಾಜೂಕು’ ಪಾರ್ಸಿಯಿಂದ ಬಂದದ್ದು, ಅಲ್ಲಿ ಅರ್ಥ ಸರಿಯಾಗೇ ಇದೆ, ಆದ್ರೆ ಕನ್ನಡದಲ್ಲಿ ನಾಜೂಕಾಗಿ ಮಾತಾಡ್ದ, ನಾಜೂಕು ಕೆಲಸ ಅಂತ ಜಾಣತನದ ಕಡೆ, ನಯದ ಕಡೆ ವಾಲಿದೆ. ‘ಎಚ್ಚರಿಕೆ’ ಅಂದ್ರೆ ಕರೆಂಟ್ ಕಂಬ ನೆನಪಾಗುತ್ತೆ, ಒಳಗಿರೋದ್ರಿಂದ ನಮಗೇ ಅಪಾಯ ಅನ್ನೋ ಹಾಗೆ. ‘ಭಂಗುರ’ ಕ್ಷಣಭಂಗುರದಲ್ಲಿ ಬಿಟ್ಟು ಬೇರೆ ಕಡೆ ನಾನು ಕೇಳೇ ಇಲ್ಲ. ‘ಪೆಡಸು’ ನಂಗೆ ಇಷ್ಟ, ಒಣಗಿದ ಸೂಪರ್ ಗ್ಲೂಗೆ, ಹಳೇ ಪ್ಲಾಸ್ಟಿಕ್ಕಿಗೆ ಅದಕ್ಕಿಂತ ಒಳ್ಳೇ ಪದ ಇಲ್ಲ, ಬಗ್ಗದೆ ಪಟ್ ಅನ್ನುತ್ತಲ್ಲ ಆ ಗುಣ. ಆದ್ರೆ ಅದು ವಸ್ತುವಿನ ಗುಣ ಆಯ್ತು, ಇಡೀ ಮಾಡೆಲ್ಲಿಗೆ ಹೇಳಕ್ಕಾಗಲ್ಲ.

ಒಬ್ಬ ಗೆಳೆಯ ‘ಒಡಕು ಸಾಮಾನು’ ಅಂತ ಬರಿ ಅಂದ. ಅಲ್ಲೇ ಇದೆ ತೊಡಕು. ಒಡಕು ಮಡಕೆ, ಮುರುಕು ಕುರ್ಚಿ, ಹರಕು ಚಾಪೆ, ಈ ಮೂರೂ ಆಗಲೇ ಹಾಳಾದದ್ದನ್ನ ಹೇಳುತ್ವೆ. ಮುಂದೆ ಹಾಳಾಗಬಹುದು ಅನ್ನೋದಕ್ಕೆ ಅಷ್ಟೇ ಚಿಕ್ಕ ಪದ ನಮ್ಮ ಬಾಯಲ್ಲಿ ಇಲ್ಲ. ‘ಲಂಚಗುಳಿ’ ಥರ ‘ಮುರಿಗುಳಿ’ ಮಾಡೋಣ ಅಂತಾನೂ ಮಾತು ಬಂತು, ಆದ್ರೆ ಗುಳಿ ಬಂದ್ರೆ ಒಂದು ಚಟ, ಒಂದು ಆಸೆ ಇರೋ ಹಾಗೆ ಕೇಳ್ಸುತ್ತೆ, ನಂಗೆ ಹಿಡಿಸ್ಲಿಲ್ಲ.

ಆಮೇಲೆ ‘ಮುಟ್ಟಿದರೆ ಮುನಿ’ ಗಿಡ ನೆನಪಾಯ್ತು. ಅದನ್ನ ಹೆಸರಿಟ್ಟೋರು ಗುಣವಾಚಕ ಹುಡುಕೋಕೇ ಹೋಗಿಲ್ಲ, ಹೀಗೆ ಮಾಡಿದ್ರೆ ಹೀಗಾಗುತ್ತೆ ಅಂದ್ರು, ಅದೇ ಹೆಸರಾಯ್ತು. ಅದೇ ದಾರೀಲಿ ಪೆಟ್ಟಿಗೆ ಮೇಲೂ ‘ಎಸೆದರೆ ಮುರಿಯುತ್ತೆ’ ಅಂತ ಎರಡೇ ಪದ, ದಪ್ಪ ಅಕ್ಷರದಲ್ಲಿ ಬರೆದ್ರೆ ಸಾಕು ಅಂತ ನಂಗೆ ಅನ್ಸ್ತಿದೆ. ಓದೋನಿಗೆ ಏನು ಮಾಡ್ಬಾರ್ದು ಅನ್ನೋದೂ ಅದರಲ್ಲೇ ಸಿಗುತ್ತೆ.

ಕೇಳೋದು ಇಷ್ಟು. ಒಡೆ, ಮುರಿ ಬಗ್ಗೆ ನಾನು ಹೇಳಿದ ವ್ಯತ್ಯಾಸ ನಿಮ್ಮೂರಲ್ಲೂ ನಿಲ್ಲುತ್ತಾ, ಅಥವಾ ಹಪ್ಪಳ ಒಡೆಯೋ ಊರೂ ಇದೆಯಾ? ಗಾಜು, ಕಡ್ಡಿ ಎರಡೂ ಇರೋ ಪೆಟ್ಟಿಗೆಗೆ ‘ಎಸೆದರೆ ಒಡೆಯುತ್ತೆ’ ಅನ್ನೋದೇ ವಾಸಿನಾ? ಹಾಗೇ, ಹಿಂದೆ ಮಡಕೆ ಗಾಡಿಗೆ ತುಂಬಿ ಸಂತೆಗೆ ಹೋಗ್ತಿದ್ದ ಮನೆಯವರು ಯಾರಾದ್ರೂ ಇದ್ರೆ, ಮಡಕೆ ಮಡಕೆ ನಡುವೆ ಇಡೋ ಹುಲ್ಲಿಗೆ, ಹಾಗೆ ಇಡೋ ಕೆಲಸಕ್ಕೆ ಏನಂತಿದ್ರು ಅಂತ ದಯವಿಟ್ಟು ಮನೇಲಿ ಹಿರಿಯರನ್ನ ಕೇಳಿ ಬರೀರಿ. ಮುಂದಿನ ತಿಂಗಳು ಇನ್ನೊಂದು ಮರುತ್ ಕಳಿಸೋದಿದೆ.